ವಿಡಿಯೊ ತೋರಿಸಿದರೆ ಮಗುವಿಗೆ ಕನ್ನಡ ಬರುವುದೇ?
ನಮಸ್ಕಾರ. ಅಮೆರಿಕದಲ್ಲಿರುವ ತಾವು, 8 ತಿಂಗಳ ಮಗಳಿಗೆ ದಿನವೂ ಕನ್ನಡ ಶಿಶುಗೀತೆಗಳ ವಿಡಿಯೊ ತೋರಿಸಿದರೆ ಸಾಕೇ, ಎರಡು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುವುದೇ ಎಂದು ಕೇಳಿದ್ದೀರಿ. ವಿಡಿಯೊ ಸಾಲದು ಎಂಬುದು ನನ್ನ ದೃಢ ಅಭಿಪ್ರಾಯ.

1984ರಲ್ಲಿ ಮನೋವಿಜ್ಞಾನಿಗಳಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ 6ರಿಂದ 8 ತಿಂಗಳ ಕೂಸುಗಳು ಹಿಂದಿಯ ‘ತ’ ಮತ್ತು ‘ಟ’ ಧ್ವನಿಗಳ ಭೇದವನ್ನು ಗುರುತಿಸಿದರೆ, 10ರಿಂದ 12 ತಿಂಗಳ ಹೊತ್ತಿಗೆ ಆ ಸಾಮರ್ಥ್ಯ ಬಹುಮಟ್ಟಿಗೆ ಕುಂದಿತ್ತು. ಕನ್ನಡದಲ್ಲೂ ಇದೇ ಭೇದವಿರುವುದರಿಂದ ನಿಮ್ಮ ಮಗಳಿಗೆ ಈ ತಿಂಗಳುಗಳು ಬಹಳ ಮುಖ್ಯ.

2003ರಲ್ಲಿ ಭಾಷಾ ಕಲಿಕೆಯ ಸಂಶೋಧಕಿ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು ಅಮೆರಿಕದ ಸಿಯಾಟಲ್‌ನ 9 ತಿಂಗಳ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಭಾಷೆಯನ್ನು 12 ಬಾರಿ ಕೇಳಿಸಿದರು. ಎದುರಿಗೆ ಕುಳಿತು ಆಡಿಸುತ್ತ, ಓದಿ ಹೇಳಿದವರಿಂದ ಕೇಳಿದ ಮಕ್ಕಳು ಅದರ ಧ್ವನಿಭೇದಗಳನ್ನು ಕಲಿತರು. ಅದೇ ಮಾತನ್ನು ಪರದೆಯಲ್ಲಿ ನೋಡಿದ ಮಕ್ಕಳು ಕಲಿಯಲಿಲ್ಲ. ಆದ್ದರಿಂದ ಸ್ನಾನ ಮಾಡಿಸುವಾಗ, ಉಣಿಸುವಾಗ, ಮಲಗಿಸುವಾಗ ನೀವೇ ಕನ್ನಡದಲ್ಲಿ ಮಾತನಾಡಿಸಿ, ಅವಳ ತೊದಲಿಗೆ ಮರುಮಾತು ಕೊಡಿ. ಊರಿನಲ್ಲಿರುವ ಅಜ್ಜಿಯ ವಿಡಿಯೊ ಕರೆ ಬೇರೆಯೇ ವಿಷಯ, ಏಕೆಂದರೆ ಅಜ್ಜಿ ಮಗುವಿನ ನಗೆಗೆ ಸ್ಪಂದಿಸುತ್ತಾರೆ.

ದ್ವಿಭಾಷೆಯಿಂದ ಮಾತು ತಡವಾಗುವುದಿಲ್ಲ. ಮುಂದೆ ಪದಗಳನ್ನು ಎಣಿಸುವಾಗ ಎರಡೂ ಭಾಷೆಗಳವನ್ನು ಕೂಡಿಸಿ ಎಣಿಸಿ. ಆದರೆ ವರ್ಷ ತುಂಬಿದರೂ ತೊದಲು, ಕೈಸನ್ನೆಗಳು ಕಾಣದಿದ್ದರೆ ಭಾಷೆಗಳನ್ನು ದೂರದೆ, ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ ಶ್ರವಣ ಪರೀಕ್ಷೆ ಮಾಡಿಸಿ.