‘ಒನ್ಸ್ ಅಪಾನ್ ಎ ಟೈಮ್’ ಟಿವಿ ಸರಣಿಯ ಎರಡನೇ ಸೀಸನ್ನಿನ ಮೊದಲ ಕಂತಿನಲ್ಲಿ ಬರುವ ಮಾಯಾಲೋಕದ ಕಾಡಿನ ಕಥೆ ಯಾವ ಕಾಲದ್ದು?

ಅದು ಹಿಂದಿನ ಕಾಲದ್ದಲ್ಲ, ಶಾಪಕ್ಕೆ ಸಿಕ್ಕ ಮಾಯಾಲೋಕದವರು ಬಂದು ಬಿದ್ದ ಸ್ಟೋರಿಬ್ರೂಕ್ ಊರಿನಲ್ಲಿ ನಡೆಯುವ ಘಟನೆಗಳ ಕಾಲದ್ದೇ. ಅಮೆರಿಕದ ಎಬಿಸಿ ವಾಹಿನಿಯಲ್ಲಿ 2012ರ ಸೆಪ್ಟೆಂಬರ್ 30ರಂದು ಪ್ರಸಾರವಾದ ‘ಬ್ರೋಕನ್’ ಎಂಬ ಈ ಕಂತು ನೋಡುಗರನ್ನು ಬೇಕೆಂದೇ ದಾರಿ ತಪ್ಪಿಸುತ್ತದೆ. ಮೊದಲ ಸೀಸನ್ನಿನುದ್ದಕ್ಕೂ ಮಾಯಾಲೋಕದ ಕಾಡು ಕಂಡಾಗಲೆಲ್ಲ ಅದು ಆ ಶಾಪಕ್ಕೆ ಮುಂಚಿನ ಕಥೆಯಾಗಿರುತ್ತಿದ್ದುದರಿಂದ, ರಾಜಕುಮಾರ ಫಿಲಿಪ್ ನಿದ್ರಿಸುತ್ತಿದ್ದ ಅರೋರಾಳನ್ನು ಮುತ್ತಿಟ್ಟು ಎಬ್ಬಿಸುವ ದೃಶ್ಯವನ್ನೂ ನಾವು ಹಾಗೆಯೇ ಭಾವಿಸುತ್ತೇವೆ.

ನಿಜವಾದ ಕ್ರಮ ಬೇರೆಯೇ ಇದೆ. ಶಾಪ ಹಾಕಿದ ರಾಣಿ ರೆಜಿನಾಳನ್ನು ಕೊಲ್ಲುವುದಿಲ್ಲವೆಂದು ತನ್ನ ಪ್ರೇಯಸಿ ಬೆಲ್‌ಗೆ ಮಾತು ಕೊಟ್ಟಿದ್ದ ಮಾಂತ್ರಿಕ ಗೋಲ್ಡ್, ಆ ಮಾತಿನ ಅಕ್ಷರವನ್ನಷ್ಟೇ ಉಳಿಸಿಕೊಂಡು (ಅವನ ಜಾಣತನವೇ ಅಂಥದ್ದು), ಸೆರೆಯಲ್ಲಿದ್ದ ರೆಜಿನಾಳ ಅಂಗೈಗೆ ಪದಕವೊಂದನ್ನು ಒತ್ತಿ ಗುರುತು ಮಾಡಿ, ಆತ್ಮವನ್ನು ಹೀರುವ ರೇತ್ ಎಂಬ ಪಿಶಾಚಿಯನ್ನು ಕರೆಸುತ್ತಾನೆ. ಲೋಕಗಳ ನಡುವೆ ದಾರಿ ತೆರೆಯುವ, ಜೆಫರ್ಸನ್ ಎಂಬವನ ಮಾಯಾಟೋಪಿಯ ಮೂಲಕ ಅದನ್ನು ಆಚೆಗೆ ತಳ್ಳುವಾಗ ಎಮ್ಮಾ ಮತ್ತು ಅವಳ ತಾಯಿ ಸ್ನೋ ಕೂಡ ಸುಳಿಗೆ ಸಿಲುಕುತ್ತಾರೆ. ಕಾಡಿಗೆ ಬಂದು ಬಿದ್ದ ಆ ಪಿಶಾಚಿಯೇ ಫಿಲಿಪ್‌ನ ಆತ್ಮವನ್ನು ಹೀರುತ್ತದೆ. ಕೊನೆಯ ದೃಶ್ಯದಲ್ಲಿ ಅರೋರಾ ಮತ್ತು ಫಿಲಿಪ್‌ನ ಜೊತೆಗಿದ್ದ ಯೋಧೆ ಮುಲಾನ್, ಅವಶೇಷಗಳ ನಡುವೆ ಬಿದ್ದಿದ್ದ ತಾಯಿಮಗಳನ್ನು ಕಂಡಾಗ ಮಾತ್ರ ಎರಡೂ ಎಳೆಗಳು ಏಕಕಾಲದವೆಂಬುದು ಬಯಲಾಗುತ್ತದೆ.