ಮನೆಯ ಆರೈಕೆ: ಅಟೆಂಡೆಂಟ್ ಸಾಕೇ, ನರ್ಸ್ ಬೇಕೇ?

ಪ್ರಶ್ನೆ: ಪಾರ್ಶ್ವವಾಯುವಿಗೆ ತುತ್ತಾದ ನನ್ನ ತಾಯಿಯನ್ನು ಆಹಾರಕ್ಕಾಗಿ ಹಾಕಿದ ಮೂಗಿನ ನಳಿಕೆಯೊಂದಿಗೆ ಕಲಬುರಗಿಯ ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದೇವೆ. ಡಿಸ್ಚಾರ್ಜ್ ಚೀಟಿಯಲ್ಲಿ ಹೋಮ್ ನರ್ಸಿಂಗ್, ಪ್ಯಾಲಿಯೇಟಿವ್ ಕೇರ್ ಎಂದು ಬರೆದಿದೆ. ಅಟೆಂಡೆಂಟ್ ಸಾಕೆಂದು ಏಜೆನ್ಸಿಯವರು ಹೇಳುತ್ತಾರೆ. ವೈದ್ಯರು ಕೈಬಿಟ್ಟರೆಂದು ಅರ್ಥವೇ?
– ಓದುಗರು, ಆಳಂದ

ಉತ್ತರ: ಖಂಡಿತ ಇಲ್ಲ. ನೋವು, ಉಬ್ಬಸ, ಮಲಬದ್ಧತೆ, ನಿದ್ರಾಹೀನತೆಗಳನ್ನು ತಗ್ಗಿಸಿ, ರೋಗಿಗೂ ಮನೆಯವರಿಗೂ ಆಸರೆಯಾಗುವುದೇ ಪ್ಯಾಲಿಯೇಟಿವ್ ಕೇರ್. ಅದು ಉಳಿದ ಚಿಕಿತ್ಸೆಯ ಜೊತೆಜೊತೆಗೇ ನಡೆಯುತ್ತದೆ. ಬದುಕಿನ ಕೊನೆಯ ಹಂತಕ್ಕೆ ಮೀಸಲಾದದ್ದು ಹಾಸ್ಪೈಸ್. ಇವೆರಡನ್ನೂ ಒಂದೆಂದು ತಿಳಿದು ಎಷ್ಟೋ ಕುಟುಂಬಗಳು ಸಿಗಬಹುದಾದ ನೆಮ್ಮದಿಯನ್ನೂ ದೂರ ಮಾಡಿಕೊಳ್ಳುತ್ತವೆ.

ಏಜೆನ್ಸಿಯವರ ಮಾತನ್ನು ಮಾತ್ರ ಪೂರ್ತಿ ಒಪ್ಪಬೇಡಿ. ಸ್ನಾನ, ಬಾಯಿಯ ಶುಚಿ, ಬಟ್ಟೆ ಬದಲಿಸುವುದು, ಮಗ್ಗುಲು ಹೊರಳಿಸುವುದು ಅಟೆಂಡೆಂಟ್ ಕೆಲಸ. ಇಂಜೆಕ್ಷನ್, ಗಾಯದ ಡ್ರೆಸ್ಸಿಂಗ್, ನಳಿಕೆ ಬದಲಿಸುವುದು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿ.ಎಸ್‌ಸಿ. ನರ್ಸಿಂಗ್ ಓದಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರ ಕೆಲಸ. ಏಜೆನ್ಸಿಯವರು ಇಬ್ಬರನ್ನೂ ‘ಸಿಸ್ಟರ್’ ಎಂದೇ ಕರೆಯಬಹುದಾದ್ದರಿಂದ ನೋಂದಣಿ ಪತ್ರವನ್ನು ಕೇಳಿ ನೋಡಿರಿ. ಕೇಳುವುದರಲ್ಲಿ ಸಂಕೋಚವೇನೂ ಬೇಡ.

ನಳಿಕೆಯಲ್ಲಿ ಆಹಾರ ಕೊಡುವುದನ್ನು ನರ್ಸ್ ಎದುರಿಗೆ ನಿಂತು ಕಲಿಸಿದರೆ ಮನೆಯವರೂ ಮಾಡಬಹುದು. ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿ, ಮೂಗಿನ ಬಳಿ ನಳಿಕೆಯ ಗುರುತು ಸರಿದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಆಹಾರ ಹಾಕಬೇಕು. ಮುಗಿದ ಮೇಲೂ ಅರ್ಧದಿಂದ ಒಂದು ಗಂಟೆ ಹಾಗೆಯೇ ಒರಗಿಸಿರಬೇಕು. ವೈದ್ಯರು ಒಪ್ಪಿದ್ದರೆ ಜೋಳದ ಗಂಜಿಯನ್ನೂ ಕೊಡಬಹುದು, ಆದರೆ ತೆಳುವಾಗಿ ಕಾಯಿಸಿ ಬಟ್ಟೆಯಲ್ಲಿ ಸೋಸಿರಬೇಕು. ಕೆಮ್ಮು ಬಂದರೆ ತಕ್ಷಣ ನಿಲ್ಲಿಸಿ. ನಳಿಕೆ ಹೊರಬಂದರೆ ನೀವೇ ಒಳಗೆ ತೂರಿಸಬೇಡಿ.

ಚೀಟಿಯಲ್ಲಿ ‘ಪೊಸಿಷನ್ ಚೇಂಜ್’ ಎಂದಿದ್ದರೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದರ್ಥ. ನಮ್ಮ ಭಾಗದ ಬೇಸಿಗೆಯಲ್ಲಿ ಬೆವರಿಗೆ ಚರ್ಮ ಬೇಗ ಮೆತ್ತಗಾಗುತ್ತದೆ. ರಬ್ಬರ್ ಶೀಟಿನ ಮೇಲೆ ಹತ್ತಿ ಬಟ್ಟೆ ಹಾಸಿ, ಒದ್ದೆಯಾದೊಡನೆ ತೆಗೆಯಿರಿ. ಸೊಂಟದ ಕೆಳಗೆ ಅಥವಾ ಹಿಮ್ಮಡಿಯಲ್ಲಿ ಕೆಂಪಾಗಿ, ಬೆರಳಿನಿಂದ ಒತ್ತಿ ಬಿಟ್ಟರೂ ಆ ಕೆಂಪು ಮಾಯವಾಗದಿದ್ದರೆ ಅದು ಮಲಗಿದಲ್ಲೇ ಒತ್ತಡದಿಂದ ಆಗುವ ಹುಣ್ಣಿನ, ಅಂದರೆ ಬೆಡ್‌ಸೋರ್‌ನ ಆರಂಭ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದಿರಬಹುದಾದ್ದರಿಂದ ಬಿಸಿ, ಗಡಸುತನವನ್ನೂ ಮುಟ್ಟಿ ನೋಡಬೇಕು. ಆ ಜಾಗವನ್ನು ತಿಕ್ಕದೆ, ಅದರ ಮೇಲೆ ಭಾರ ಬೀಳದಂತೆ ಮಲಗಿಸಿ ವೈದ್ಯರಿಗೆ ತಿಳಿಸಿ.

ರಾತ್ರಿಯ ಹೊರಳಿಸುವಿಕೆ ಮನೆಯ ಒಬ್ಬ ಹೆಣ್ಣುಮಗಳ ಪಾಲಿಗೇ ಬೀಳಬಾರದು. ಅವರ ಬದಲಿಗೆ ಕೆಲ ಹೊತ್ತು ಇನ್ನೊಬ್ಬರು ನೋಡಿಕೊಳ್ಳುವುದನ್ನು ರೆಸ್ಪೈಟ್ ಕೇರ್ ಎನ್ನುತ್ತಾರೆ. ಅಟೆಂಡೆಂಟ್ ಒಬ್ಬರನ್ನೇ ಇಟ್ಟುಕೊಳ್ಳುವಷ್ಟು ಹಣವಿದ್ದರೆ ರಾತ್ರಿ ಪಾಳಿಗೆ ಇಟ್ಟುಕೊಂಡು, ನಳಿಕೆ ಬದಲಿಸುವ ದಿನಕ್ಕಷ್ಟೇ ನರ್ಸ್ ಕರೆಸಿಕೊಳ್ಳಿ.