ಸ್ಟೀರಿಂಗ್ ಮುಟ್ಟಿದರೆ ಸಾಕು, ಕಾರು ಪಕ್ಕಕ್ಕೆ ಜಿಗಿಯುತ್ತದೆ: ಇದು ರೂಢಿಯಾಗುತ್ತದೆಯೇ?

ಹತ್ತು ವರ್ಷ ಪವರ್ ಸ್ಟೀರಿಂಗ್ ಇಲ್ಲದ ಕಾರು ಓಡಿಸಿದ ನೀವು ಈಗ ರಾಯಚೂರಿನಲ್ಲಿ ಏಳು ವರ್ಷ ಹಳೆಯದಾದ ಹ್ಯಾಚ್‌ಬ್ಯಾಕ್ ಒಂದನ್ನು ಕೊಂಡಿದ್ದೀರಿ; ಬೆರಳು ತಾಕಿದರೂ ಅದು ಪಕ್ಕಕ್ಕೆ ಸರಿಯುತ್ತದೆ, ಎಪ್ಪತ್ತರ ವೇಗ ದಾಟಿದರೆ ಎದೆ ಡವಗುಟ್ಟುತ್ತದೆ, ಮುಂದಿನ ತಿಂಗಳು ಮನೆಯವರೊಂದಿಗೆ ಹೈದರಾಬಾದಿಗೆ ಹೋಗಬೇಕಾಗಿದೆ, ಇದು ರೂಢಿಯಾಗುತ್ತದೆಯೇ ಅಥವಾ ನಷ್ಟವಾದರೂ ಸರಿ ಎಂದು ಮಾರಿಬಿಡಬೇಕೇ ಎಂದು ಕೇಳಿದ್ದೀರಿ. ‘ಓಡಿಸ್ತಾ ಓಡಿಸ್ತಾ ರೂಢಿ ಆಗ್ತದ್ರಿ’ ಎಂದು ನಿಮ್ಮ ಸುತ್ತಲಿನವರು ಸಮಾಧಾನ ಹೇಳಿಯೇ ಇರುತ್ತಾರೆ. ನನಗೂ ಹಾಗೆಯೇ ಹೇಳಿದ್ದರು, ನನಗೆ ರೂಢಿಯೂ ಆಯಿತು. ಎಡವಟ್ಟಾದದ್ದೇ ಅಲ್ಲಿ, ಏಕೆಂದರೆ ಎರಡು ತಿಂಗಳು ಕಷ್ಟಪಟ್ಟು ನಾನು ರೂಢಿ ಮಾಡಿಕೊಂಡದ್ದು ಕಾರಿನ ಒಂದು ದೋಷವನ್ನು.

ನಾನು ಗಂಗಾವತಿಯವನು. ಹದಿನಾಲ್ಕು ವರ್ಷ ಮಾರುತಿ 800 ಓಡಿಸಿದ ಮೇಲೆ, ಪರಿಚಿತರೊಬ್ಬರ ಮೂಲಕ ಬಳ್ಳಾರಿಯಲ್ಲಿ ಕೆಎ 34 ನೋಂದಣಿಯ ಕಾರೊಂದನ್ನು ಕೊಂಡು ಅದೇ ಸಂಜೆ ಕುರುಗೋಡು, ಕಂಪ್ಲಿ ಮಾರ್ಗವಾಗಿ ಊರಿಗೆ ಹೊರಟೆ. ಕಂಪ್ಲಿಯವರೆಗೆ ಹೇಗೋ ಬಂದೆ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಮುಳುಗುವ ಅಲ್ಲಿನ ಹಳೆಯ ಸೇತುವೆ ಎಷ್ಟು ಕಿರಿದೆಂಬುದು ಈ ಭಾಗದವರಿಗೆಲ್ಲ ಗೊತ್ತು. ಎದುರಿಗೆ ಸಾರಿಗೆ ಬಸ್ಸು ಬಂತು. ಹಳೆಯ ಕಾರಿಗೆ ಎಷ್ಟು ಬೇಕಾಗುತ್ತಿತ್ತೋ ಅಷ್ಟೇ ಸ್ಟೀರಿಂಗನ್ನು ಎಡಕ್ಕೆ ಎಳೆದೆ. ಕಾರು ನೇರವಾಗಿ ಕಟಾಂಜನದತ್ತ ನುಗ್ಗಿತು. ಗಾಬರಿಯಿಂದ ಬಲಕ್ಕೆ ತಿರುಗಿಸಿದರೆ ಬಸ್ಸಿನ ಮೂತಿಗೆ ಮೂತಿ ಕೊಟ್ಟಿತು. ಹೀಗೆ ಮೂರು ನಾಲ್ಕು ಬಾರಿ ಹಾವಿನಂತೆ ಹೊರಳಾಡಿ ನಿಂತಾಗ, ಬಸ್ಸಿನ ಚಾಲಕ ಕಿಟಕಿಯಿಂದ ತಲೆ ಹೊರಹಾಕಿ, ‘ಈಗ ಕಲಿಯಾಕ ಹತ್ತೀರೇನ್ರಿ ಸರ?’ ಎಂದು ಬಹಳ ಮರ್ಯಾದೆಯಿಂದಲೇ ಕೇಳಿದ.

ಆಮೇಲೆ ಎರಡು ತಿಂಗಳಲ್ಲಿ ಕೈ ಪಳಗಿತು ಎಂದೇ ತಿಳಿದಿದ್ದೆ. ಒಂದು ದಿನ ಪಂಕ್ಚರ್ ಹಾಕಿಸಲು ಹೋದಾಗ ಅಂಗಡಿಯ ಹುಡುಗ ಮುಂದಿನ ಟೈರನ್ನು ಬಿಚ್ಚಿ, ಅದರ ಮೈಮೇಲೆ ಅಂಗೈಯನ್ನು ಒಮ್ಮೆ ಒಳಗಿನಿಂದ ಹೊರಗೆ, ಇನ್ನೊಮ್ಮೆ ಹೊರಗಿನಿಂದ ಒಳಗೆ ಸವರಿ, ನನ್ನ ಕೈಯನ್ನೂ ಹಿಡಿದು ಹಾಗೆಯೇ ಸವರಿಸಿದ. ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲು. ಟೈರಿನ ಒಳ ಅಂಚು, ಅಂದರೆ ನಿಂತು ನೋಡಿದವರಿಗೆ ಕಾಣದ ಬದಿ, ಸವೆದು ತಂತಿ ಇಣುಕುತ್ತಿತ್ತು. ಹೊರಗಿನಿಂದ ನೋಡಿದರೆ ಅದೇ ಟೈರಿನಲ್ಲಿ ಅರ್ಧಕ್ಕಿಂತ ಹೆಚ್ಚು ಗೀರು ಉಳಿದಿತ್ತು, ಕೊಳ್ಳುವ ದಿನ ನಾನು ನೋಡಿ ಮೆಚ್ಚಿದ್ದು ಆ ಬದಿಯನ್ನೇ.

ಮುಂದಿನ ಎರಡೂ ಗಾಲಿಗಳ ಮುಂಭಾಗ ಹೊರಕ್ಕೆ ತಿರುಗಿಕೊಂಡಿರುವ ಈ ಸ್ಥಿತಿಗೆ ಗ್ಯಾರೇಜಿನವರು ‘ಟೋ ಔಟ್’ ಎನ್ನುತ್ತಾರೆ. ‘ಎತ್ತು ಏರಿಗೆ, ಕೋಣ ನೀರಿಗೆ’ ಎಂಬ ಗಾದೆ ಇದಕ್ಕೆ ಹೇಳಿ ಮಾಡಿಸಿದಂತಿದೆ: ಎಡಗಾಲಿ ಎಡಕ್ಕೆ ಎಳೆಯುತ್ತಿರುತ್ತದೆ, ಬಲಗಾಲಿ ಬಲಕ್ಕೆ. ಎರಡೂ ಸಮಬಲವಾಗಿರುವವರೆಗೆ ಕಾರು ನೇರ ಹೋಗುತ್ತದೆ. ಒಂದು ಸಣ್ಣ ಗುಂಡಿ ಬಂದರೆ, ಅಥವಾ ನೀವು ಸ್ಟೀರಿಂಗನ್ನು ಚೂರು ಅಲುಗಿಸಿದರೆ, ಎರಡರಲ್ಲಿ ಒಂದು ಗಾಲಿ ಗೆದ್ದು ಕಾರನ್ನು ತನ್ನ ದಿಕ್ಕಿಗೆ ಎಳೆದೊಯ್ಯುತ್ತದೆ. ಓಡಿಸುವವನಿಗೆ ಇದು ಸ್ಟೀರಿಂಗ್ ಬಹಳ ಸೂಕ್ಷ್ಮವಾಗಿದೆ ಎಂದೇ ಅನ್ನಿಸುತ್ತದೆ. ಆದ್ದರಿಂದ ನಿಮ್ಮ ಕೈಗೆ ಪಾಠ ಹೇಳುವ ಮೊದಲು ಕಾರಿಗೆ ಪರೀಕ್ಷೆ ಮಾಡಿಸಿ. ಕೈ ಯಾವುದನ್ನು ಕೊಟ್ಟರೂ ಕಲಿಯುತ್ತದೆ, ದೋಷವನ್ನೂ ಕಲಿಯುತ್ತದೆ.

ನಾಳೆ ಬೆಳಿಗ್ಗೆ, ಕಾರು ಓಡಿಸುವ ಮುನ್ನ, ಟೈರು ತಣ್ಣಗಿರುವಾಗಲೇ ಗಾಳಿಯ ಒತ್ತಡ ನೋಡಿ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ ಎಷ್ಟಿರಬೇಕೆಂದು ಬರೆದಿರುತ್ತದೆ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 30ರಿಂದ 33 ಪಿಎಸ್‌ಐ. ನಮ್ಮ ಬಂಕುಗಳಲ್ಲಿ ‘ನಲವತ್ತು ಹೊಡೀಲೇನ್ರಿ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊಡೆದುಬಿಡುವ ಪದ್ಧತಿ ಇದೆ. ಮುಂದಿನ ಟೈರುಗಳಲ್ಲಿ ಗಾಳಿ ಹೆಚ್ಚಾದರೆ ಸ್ಟೀರಿಂಗ್ ಇನ್ನಷ್ಟು ಹಗುರವೂ ಚುರುಕೂ ಆಗುತ್ತದೆ, ರಸ್ತೆಯ ಪ್ರತಿ ಹರಳೂ ಕೈಗೆ ತಿಳಿಯುತ್ತದೆ. ಇದರ ಮೇಲೆ ರಾಯಚೂರಿನ ಬಿಸಿಲು ಬೇರೆ: ಉಷ್ಣಾಂಶ 10 ಡಿಗ್ರಿ ಏರಿದರೆ ಒತ್ತಡ ಸುಮಾರು 2 ಪಿಎಸ್‌ಐ ಏರುತ್ತದೆ, ಓಡುವ ಟೈರು ತಾನಾಗಿಯೂ ಕಾಯುತ್ತದೆ. ಹಾಗೆಂದು ಮಧ್ಯಾಹ್ನ ಅಳೆದು ಗಾಳಿ ಬಿಡಬೇಡಿ, ಮರುದಿನ ಬೆಳಿಗ್ಗೆ ಕಡಿಮೆಯಾಗಿರುತ್ತದೆ.

ಅನಂತರ ಹಿಂದಿನ ಮಾಲೀಕರು ಏನೇನು ಸೇರಿಸಿದ್ದಾರೆ ಎಂದು ನೋಡಿ. ಕಂಪನಿ ಕೊಟ್ಟದ್ದಕ್ಕಿಂತ ಅಗಲವಾದ ಟೈರು ಹಾಕಿಸಿದ್ದರೆ, ರಸ್ತೆಯಲ್ಲಿ ಭಾರದ ಲಾರಿಗಳು ಕೊರೆದ ಜಾಡುಗಳನ್ನು ಹಿಡಿದು ಅದು ಅತ್ತಿತ್ತ ಎಳೆಯುತ್ತದೆ. ಸ್ಟೀರಿಂಗ್ ಚಕ್ರವನ್ನೇ ಬದಲಿಸಿ ಚಿಕ್ಕದನ್ನು ಹಾಕಿದ್ದರೆ, ಕೈ ಅದೇ ದೂರ ಚಲಿಸಿದರೂ ಗಾಲಿ ಹೆಚ್ಚು ತಿರುಗುತ್ತದೆ. ನನ್ನ ಕಾರಿಗೆ ಟ್ರ್ಯಾಕ್ಟರಿಗೆ ಇರುವಂಥ ಒಂದು ಗುಂಡಿಯನ್ನು ಸ್ಟೀರಿಂಗಿನ ಮೇಲೆ ಕೂರಿಸಿದ್ದರು. ಗದ್ದೆಯಲ್ಲಿ ಒಂದೇ ಕೈಯಿಂದ ಟ್ರ್ಯಾಕ್ಟರ್ ತಿರುವಲು ಅದು ಬಹಳ ಒಳ್ಳೆಯದು, ಹೆದ್ದಾರಿಯಲ್ಲಿ ಓಡುವ ಹಗುರ ಸ್ಟೀರಿಂಗಿಗೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಅದನ್ನು ಅಂದೇ ಬಿಚ್ಚಿಸಿದೆ.

ಸಡಿಲಕ್ಕೂ ಚುರುಕಿಗೂ ಇರುವ ವ್ಯತ್ಯಾಸವನ್ನು ಮಾತ್ರ ಗಮನಿಸಿ. ಸ್ಟೀರಿಂಗನ್ನು ಸ್ವಲ್ಪ ಅಲುಗಿಸಿದಾಗ ಏನೂ ಆಗದೆ, ಆಮೇಲೆ ಒಮ್ಮೆಲೇ ಕಾರು ತಿರುಗಿದರೆ ಅದು ಸಡಿಲ. ಮುಂದಿನ ಗಾಲಿಯನ್ನು ಜಾಕ್‌ನಿಂದ ಎತ್ತಿಸಿ, ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ ಹಿಡಿದು ಅಲುಗಿಸಿದಾಗ ಕಟಕಟ ಎಂದರೆ ಟೈ ರಾಡ್, ಅಂದರೆ ಗಾಲಿಯನ್ನು ತಿರುಗಿಸುವ ಸರಳಿನ ತುದಿ ಸವೆದಿರಬಹುದು. ಹನ್ನೆರಡು ಮತ್ತು ಆರರ ಜಾಗದಲ್ಲಿ ಅಲುಗಿದರೆ ಗಾಲಿಯನ್ನು ಹಿಡಿದಿಡುವ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಸವೆದಿರಬಹುದು. ಇವನ್ನು ಸರಿಪಡಿಸದೆ ಅಲೈನ್‌ಮೆಂಟ್, ಅಂದರೆ ಗಾಲಿಗಳ ಓರೆಯನ್ನು ಅಳೆದು ನೇರ್ಪಡಿಸುವ ಕೆಲಸ, ಮಾಡಿಸಿದರೆ ಹಣ ದಂಡ. ಅಲೈನ್‌ಮೆಂಟ್ ಮಾಡಿಸುವಾಗ ಕೆಲಸಕ್ಕೆ ಮುಂಚಿನ ಮತ್ತು ಅನಂತರದ ಅಳತೆಗಳ ಮುದ್ರಿತ ಚೀಟಿಯನ್ನು ಕೇಳಿ ಪಡೆಯಿರಿ. ‘ಎಲ್ಲಾ ಬರೋಬ್ಬರಿ ಐತ್ರಿ’ ಎಂಬ ಮಾತನ್ನು ಚೀಟಿಯ ಬದಲಿಗೆ ಸ್ವೀಕರಿಸಬೇಡಿ.

ನನ್ನ ಕಾರಿನ ಅಲೈನ್‌ಮೆಂಟ್ ಸರಿಯಾದ ಮೇಲೆ ಜಿಗಿತ ಅರ್ಧ ಕಡಿಮೆಯಾಯಿತು. ಉಳಿದರ್ಧ ನನ್ನದೇ ಕೈಯದು.

ಇಂದಿನ ಸಣ್ಣ ಕಾರುಗಳಲ್ಲಿ ಸ್ಟೀರಿಂಗನ್ನು ಸುಮಾರು 15ರಿಂದ 18 ಡಿಗ್ರಿ ತಿರುಗಿಸಿದರೆ ಗಾಲಿ 1 ಡಿಗ್ರಿ ತಿರುಗುತ್ತದೆ. ಪವರ್ ಇಲ್ಲದ ಕಾರಿನಲ್ಲಿ, ಕೈಗೆ ಭಾರ ಕಡಿಮೆಯಾಗಲೆಂದು, ಇನ್ನೂ ಹೆಚ್ಚು ತಿರುಗಿಸುವಂತೆ ಅದನ್ನು ರೂಪಿಸಿರುತ್ತಾರೆ. ನೀವು ಬೇಕಿದ್ದರೆ ಖಾಲಿ ಮೈದಾನದಲ್ಲಿ ಎರಡೂ ಕಾರುಗಳ ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ಸುತ್ತು ಎಣಿಸಿ. ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಇದರೊಂದಿಗೆ ವಿದ್ಯುತ್ ಪವರ್ ಸ್ಟೀರಿಂಗ್ ಇದ್ದರೆ, ನಿಮ್ಮ ಕೈ ಎಷ್ಟು ಬಲ ಹಾಕಿತು ಎಂಬುದನ್ನು ದಂಡದೊಳಗಿನ ಸಂವೇದಕ ಅಳೆದು, ಕಂಪ್ಯೂಟರ್ ಲೆಕ್ಕ ಹಾಕಿ, ಮೋಟಾರು ಉಳಿದ ಬಲವನ್ನು ಕೊಡುತ್ತದೆ. ವೇಗ ಕಡಿಮೆಯಿದ್ದಾಗ ಹೆಚ್ಚು ನೆರವು, ವೇಗ ಏರಿದಂತೆ ಕಡಿಮೆ ನೆರವು. ಹಳೆಯ ಕಾರಿನಲ್ಲಿ ಗಾಲಿಯ ಭಾರವೇ ‘ಇಷ್ಟು ಸಾಕು’ ಎಂದು ಕೈಗೆ ಹೇಳುತ್ತಿತ್ತು. ಈಗ ಆ ಮಾತು ಬಹಳ ಮೆಲ್ಲಗೆ ಕೇಳುತ್ತದೆ, ಭುಜದಿಂದ ತಳ್ಳುವ ಅಭ್ಯಾಸವಿರುವ ಕೈಗೆ ಅದು ಕೇಳುವುದೇ ಇಲ್ಲ.

ವೇಗದ ಲೆಕ್ಕವನ್ನೂ ನೋಡಿ. ಕಾರಿನ ಮೂತಿ ರಸ್ತೆಯ ದಿಕ್ಕಿಗಿಂತ ಒಂದೇ ಒಂದು ಡಿಗ್ರಿ ಓರೆಯಾದರೂ, ಗಂಟೆಗೆ 40 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 19 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ, 80ರಲ್ಲಿ ಸುಮಾರು 39 ಸೆಂ.ಮೀ. ಊರೊಳಗೆ ಮುದ್ದಾಗಿ ಕಾಣುವ ಕಾರು ಎಪ್ಪತ್ತು ದಾಟಿದಾಗ ನಿಮ್ಮನ್ನು ಹೆದರಿಸುವುದು ಇದಕ್ಕೇ.

ಹೆದರಿದವರು ಬಿಗಿಯಾಗಿ ಹಿಡಿಯುತ್ತಾರೆ, ಬಿಗಿಯಾಗಿ ಹಿಡಿದಾಗ ಕಾರಿನ ಕುಲುಕಾಟವೆಲ್ಲ ಮೊಣಕೈಯ ಮೂಲಕ ಸ್ಟೀರಿಂಗಿಗೇ ಮರಳಿ ಹೋಗುತ್ತದೆ. ಬೆನ್ನು ಸೀಟಿಗೆ ಆತಿರುವಾಗಲೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿಗೆ ಸಿಗುವಷ್ಟು ಸೀಟನ್ನು ಹೊಂದಿಸಿ. ಎದೆಗೂ ಸ್ಟೀರಿಂಗಿಗೂ ನಡುವೆ ಕನಿಷ್ಠ 25 ಸೆಂ.ಮೀ. ಅಂತರವಿರಲಿ, ಏರ್‌ಬ್ಯಾಗ್ ಇದ್ದರಂತೂ ಇದು ಬೇಕೇ ಬೇಕು. ಕೈಗಳು ಒಂಬತ್ತು ಮತ್ತು ಮೂರರ ಜಾಗದಲ್ಲಿರಲಿ. ಬಲ ಮೊಣಕೈಯನ್ನು ಕಿಟಕಿಯ ಮೇಲಿಟ್ಟು ಎರಡು ಬೆರಳಿನಲ್ಲಿ ಓಡಿಸುವ ನಮ್ಮ ಕಡೆಯ ಠೀವಿಯನ್ನು ಸದ್ಯಕ್ಕೆ ಬದಿಗಿಡಿ. ಬಟ್ಟಲು ತುಂಬ ಹಾಲು ಹಿಡಿದವರಂತೆ ಹಿಡಿಯಿರಿ, ಬೀಳದಷ್ಟು ಬಿಗಿ, ಚೆಲ್ಲದಷ್ಟು ಸಡಿಲ. ನೇರ ರಸ್ತೆಯಲ್ಲಿ ಕೈಯಿಂದ ತಿರುಗಿಸುವುದೇ ಬೇಡ, ಹೆಬ್ಬೆರಳಿನ ಒತ್ತಡ ಸಾಕು.

ಕಣ್ಣಿನದು ಇದಕ್ಕಿಂತ ದೊಡ್ಡ ಕೆಲಸ. ಬಾನೆಟ್ಟಿನ ಮುಂದಿನ ರಸ್ತೆಯನ್ನೇ ನೋಡುತ್ತ ಓಡಿಸಿದರೆ ಕಾರು ಅಂಗುಲ ಸರಿದದ್ದೂ ದೊಡ್ಡದಾಗಿ ಕಂಡು, ನೀವು ತಿದ್ದುತ್ತೀರಿ. ತಿದ್ದಿದ್ದು ಹೆಚ್ಚಾಯಿತೆಂದು ಮತ್ತೆ ತಿದ್ದುತ್ತೀರಿ. ಕಂಪ್ಲಿ ಸೇತುವೆಯ ಮೇಲೆ ನನಗಾದದ್ದು ಇದೇ. ದೃಷ್ಟಿ ಹನ್ನೆರಡು ಸೆಕೆಂಡು ಮುಂದಿರಲಿ, ಅಂದರೆ 60ರ ವೇಗದಲ್ಲಿ ಸುಮಾರು 200 ಮೀಟರ್. ಅಷ್ಟು ದೂರ ನೋಡುವವರ ಕೈ ತಾನಾಗಿಯೇ ಸಾವಕಾಶವಾಗುತ್ತದೆ. ಎರೆ ಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗುವುದರಿಂದ ನಮ್ಮ ರಸ್ತೆಗಳು ಅಲೆ ಅಲೆಯಾಗಿರುತ್ತವೆ. ಅಲ್ಲಿ ಕಾರು ತೂಗಾಡಿದರೆ ತೂಗಾಡಲಿ, ಪ್ರತಿ ಅಲೆಗೂ ಸ್ಟೀರಿಂಗಿನಿಂದ ಉತ್ತರ ಕೊಡುವ ಅಗತ್ಯವಿಲ್ಲ.

ಅಭ್ಯಾಸಕ್ಕೆ ಬೆಳಗಿನ ಆರು ಗಂಟೆ ಒಳ್ಳೆಯದು. ನಾನು ಸಿಂಧನೂರು ರಸ್ತೆಯಲ್ಲಿ ಮೊದಲ ವಾರ 50 ದಾಟದೆ, ಎರಡನೆಯ ವಾರ 60ರಲ್ಲಿ, ಮೂರನೆಯ ವಾರ 70ರಲ್ಲಿ ಓಡಿಸಿದೆ. ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ ನನ್ನ ತಾಯಿಯವರೇ ಅಳತೆಗೋಲು: ಮೊದಲ ದಿನ ವಾಂತಿ, ಹದಿನೈದನೆಯ ದಿನ ನಿದ್ದೆ. ಈ ತಿಂಗಳು ಹಳೆಯ ಕಾರನ್ನು ಮುಟ್ಟಬೇಡಿ. ನಾನು ಭಾನುವಾರ ತಮ್ಮನ ಟ್ರ್ಯಾಕ್ಟರ್ ಓಡಿಸಿದರೆ ಸೋಮವಾರ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತಿತ್ತು.

ಒಂದು ಸಂದರ್ಭಕ್ಕೆ ಮಾತ್ರ ಮೊದಲೇ ಮನಸ್ಸನ್ನು ಸಿದ್ಧಪಡಿಸಿಕೊಳ್ಳಿ. ಸುಗ್ಗಿಯಲ್ಲಿ ನಮ್ಮ ರಸ್ತೆಗಳ ಅರ್ಧ ಭಾಗಕ್ಕೆ ಭತ್ತ ಹರವಿ, ಅಂಚಿಗೆ ಕಲ್ಲು ಜೋಡಿಸಿರುತ್ತಾರೆ. ಹಠಾತ್ತನೆ ಕಲ್ಲು ಕಂಡಾಗ ಹಳೆಯ ಕೈ ಸ್ಟೀರಿಂಗನ್ನು ಜಗ್ಗುತ್ತದೆ. ಈ ಕಾರಿನಲ್ಲಿ ಹಾಗೆ ಜಗ್ಗಿದರೆ ಎದುರು ಬರುವ ವಾಹನದ ದಾರಿಗೆ ಹೋಗಿ ನಿಲ್ಲುತ್ತೀರಿ. ಮೊದಲು ನೇರವಾಗಿಯೇ ಬ್ರೇಕ್ ಹಾಕಿ, ವೇಗ ತಗ್ಗಿದ ಮೇಲೆ ತಿರುಗಿಸಿ. ನಿಮ್ಮ ಕಾರು 2019ರ ಏಪ್ರಿಲ್‌ಗಿಂತ ಹಿಂದಿನದಾದರೆ ಅದರಲ್ಲಿ ಎಬಿಎಸ್, ಅಂದರೆ ಬ್ರೇಕ್ ಹಾಕಿದಾಗ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ, ಇಲ್ಲದೆಯೂ ಇರಬಹುದು, ವಿಚಾರಿಸಿಕೊಳ್ಳಿ. ಇಲ್ಲದಿದ್ದರೆ, ಗಾಲಿ ಕಚ್ಚಿಕೊಂಡಾಗ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ತಿರುಗುವುದಿಲ್ಲ. ಬ್ರೇಕನ್ನು ಒಮ್ಮೆ ಬಿಟ್ಟರೆ ಮಾತ್ರ ಮಾತು ಕೇಳುತ್ತದೆ.

ಮಾರುವ ಯೋಚನೆಯನ್ನು ಅಲೈನ್‌ಮೆಂಟ್ ಚೀಟಿ ಕೈಗೆ ಬಂದ ಮೇಲೆ ಮಾಡಿ. ಹೈದರಾಬಾದಿನ ಪ್ರಯಾಣಕ್ಕೆ ಒಂದು ವಾರ ಮುಂಚೆ, ಹೋಗಬೇಕಾದ ಅಷ್ಟೂ ಜನರನ್ನು ಕೂರಿಸಿಕೊಂಡು, ಡಿಕ್ಕಿಗೆ ಸಾಮಾನು ತುಂಬಿ ಮಾನ್ವಿಯವರೆಗೆ ಹೋಗಿ ಬನ್ನಿ. ಹಿಂಭಾಗದ ಭಾರಕ್ಕೆ ಕಾರಿನ ಮೂತಿ ಮೇಲೆದ್ದು, ಸ್ಟೀರಿಂಗ್ ನೀವು ಒಬ್ಬರೇ ಓಡಿಸುವಾಗ ಇದ್ದುದಕ್ಕಿಂತ ಹಗುರವಾಗುತ್ತದೆ. ತುಂಬಿದ ಕಾರಿಗೆ ಹಿಂದಿನ ಟೈರಿನಲ್ಲಿ ಎಷ್ಟು ಗಾಳಿ ಬೇಕೆಂಬುದು ಅದೇ ಬಾಗಿಲಿನ ಚೀಟಿಯಲ್ಲಿ ಸಾಮಾನ್ಯವಾಗಿ ಬೇರೆಯಾಗಿ ಬರೆದಿರುತ್ತದೆ, ಅಷ್ಟು ಹಾಕಿಸಿಕೊಂಡೇ ಹೊರಡಿ.